ಸೋಣಕ್ಕೆ ಕಾದ ಲಕೋಟೆ

ರೋಹಿದಾಸ ಸುವರ್ಣನಿಗೆ ಸಾಫ್ಟ್‌ಬಾಲಿನ ಪರಿಚಯವಾದದ್ದು ಮೈದಾನದಲ್ಲಲ್ಲ, ಗೋದಾಮಿನಲ್ಲಿ. ಮೂಲ್ಕಿಯ ಈ ಮನುಷ್ಯ ಕುವೈತಿನಲ್ಲಿ ಆಟದ ಸಾಮಾನು ತರಿಸಿ ಮಾರುವ ಕಂಪನಿಯೊಂದರ ಸ್ಟೋರ್‌ಕೀಪರ್. ಒಂದು ದಿನ ಪೆಟ್ಟಿಗೆ ಬಿಚ್ಚಿದರೆ ಹಳದಿ ಬಣ್ಣದ, ಕ್ರಿಕೆಟ್ ಚೆಂಡಿಗಿಂತ ದಪ್ಪನೆಯ ಚೆಂಡುಗಳು. ಹೆಸರು ಸಾಫ್ಟ್, ಮೈಗೆ ಬಿದ್ದರೆ ಕಲ್ಲು. ಯಾವ ಪುಣ್ಯಾತ್ಮ ಹೆಸರಿಟ್ಟನೋ! ಹೊಲಿಗೆ ಬಿಟ್ಟಿದ್ದ ಒಂದು ಚೆಂಡನ್ನು ಮಗಳು ಅಶ್ಮಿತಾಳಿಗೆಂದು ಮನೆಗೆ ತಂದ.

ಮನೆ ಎಂದರೆ ಮೈದಾನ್ ಹವಲ್ಲಿ ಎಂಬ ಬಡಾವಣೆಯಲ್ಲಿ ನಾಲ್ಕನೇ ಮಹಡಿಯ ಎರಡು ಕೋಣೆ. ಹುಡುಗಿ ತಾರಸಿಗೆ ಹೋಗಿ ಚೆಂಡನ್ನು ಕೆಳಗೈಯಿಂದ ಬೀಸಿ ಎಸೆದಳು. ನೀರಿನ ಟ್ಯಾಂಕಿಗೆ ಬಡಿದ ಸದ್ದಿಗೆ ಕೆಳಗಿನ ಮನೆಯ ನರ್ಸ್ ವೈಲೆಟ್‌ಬಾಯಿ ಓಡಿ ಬಂದರು. ಟ್ಯಾಂಕಿಗೆ ಬಿದ್ದ ತಗ್ಗು ನೋಡಿ ರೋಹಿದಾಸನ ತಲೆ ತಿರುಗಿತು. ಆ ಹುಚ್ಚು ಇಳಿದದ್ದೇ ಇಲ್ಲ.

ಆಮೇಲೆ ನಾಲ್ಕು ವರ್ಷ ಅವನು ಮಾಡಿದ್ದು ಒಂದೆರಡಲ್ಲ. ಸಾಮಾನು ಕೊಳ್ಳಲು ಬರುತ್ತಿದ್ದ ಅಮೆರಿಕದವರ ಬೆನ್ನು ಬಿದ್ದು, ಅವರ ಹೆಣ್ಣುಮಕ್ಕಳ ತಂಡದಲ್ಲಿ ಮಗಳನ್ನು ಸೇರಿಸಿದ. ಬಿಳಿ ಹುಡುಗಿಯರ ನಡುವೆ ಇವಳೊಬ್ಬಳೇ ಎರಡು ಜಡೆಯವಳು. ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ತಾರಸಿಯಲ್ಲಿ ಗೋಡೆಗೆ ಆನಿಸಿದ ಹಳೇ ಹಾಸಿಗೆಗೆ ನೂರೈವತ್ತು ಎಸೆತ. ಶುಕ್ರವಾರದ ಟೂರ್ನಮೆಂಟುಗಳಲ್ಲಿ ಬೇಲಿಗೆ ಅಂಟಿ ನಿಂತು, ಪ್ರತಿ ಎಸೆತವನ್ನೂ ನೋಟುಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವನು. ನಡುವೆ ಗಂಟಲು ಹರಿಯುವ ಹಾಗೆ ಕೂಗುವನು.

"ಪಪ್ಪಾ, ಪ್ಲೀಸ್, ಡೋಂಟ್ ಶೌಟ್," ಎಂದು ಅಶ್ಮಿತಾ ಕೈಮುಗಿಯುವಳು.

"ನಾನು ಕೂಗದಿದ್ರೆ ನಿನ್ನ ಕೈ ಏಳುದಿಲ್ಲ ಮಗಾ," ಎನ್ನುವನು ಇವನು.

"ಚೆಂಡು ಹಾಕುದು ಅವಳಾ, ನೀವಾ?" ಎಂದು ಹೆಂಡತಿ ರತ್ನಾವತಿ ಗೊಣಗುವಳು. ಯಾರು ಕೇಳಬೇಕು?

ತೊಂಬತ್ತರ ಮೇ ತಿಂಗಳಲ್ಲಿ ಅಮೆರಿಕದ ಒಂದು ಕಾಲೇಜಿನ ಕೋಚ್ ಹೆಂಗಸು ತಮ್ಮನನ್ನು ನೋಡಲು ಕುವೈತಿಗೆ ಬಂದವಳು, ಸೆಮಿಫೈನಲ್ ನೋಡಲೂ ಬಂದಳು. ಒಳ್ಳೆಯ ಆಟಗಾರ್ತಿ ಸಿಕ್ಕರೆ ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟು ಓದಿಸುತ್ತಾರೆ ಎಂಬ ಸುದ್ದಿ ಅಪ್ಪಂದಿರಲ್ಲಿ ಹಬ್ಬಿ, ಬೇಲಿಯ ಬಳಿ ನೂಕುನುಗ್ಗಲು. ಅಶ್ಮಿತಾ ಐದು ಇನ್ನಿಂಗ್ಸ್ ಬೆಂಕಿಯಂತೆ ಎಸೆದಳು. ಕೊನೆಯದರಲ್ಲಿ ಕೈ ಜಾರಿತು. ಒಂದಾದ ಮೇಲೊಂದು ಎಸೆತ ಅಡ್ಡ ಹೋಗಿ, ಎದುರಿನ ಮೂವರು ಬ್ಯಾಟ್ ಬೀಸದೆಯೇ, ಆಟದ ನಿಯಮದಂತೆ, ಪುಕ್ಕಟೆ ಬೇಸಿಗೆ ನಡೆದು ಹೋದರು. ಮುಂದಿನ ಒಂದೇ ಹೊಡೆತಕ್ಕೆ ತಂಡ ಸೋತಿತು. ಮನೆ ತಲಪುವವರೆಗೂ ರೋಹಿದಾಸ ಕಾರಿನಲ್ಲಿ ಬಾಯಿ ಮುಚ್ಚಲಿಲ್ಲ.

"ನಿನ್ನ ಕೈಗೆ ಎಂತ ಬಡಿದದ್ದು ಇವತ್ತು? ಅವಳ ಎದುರಿಗೇ ಮಾನ ತೆಗೆದಿಯಲ್ಲ! ಇನ್ನು ಯಾರು ಕರೀತಾರೆ ನಿನ್ನನ್ನು?"

ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು.

ಆದರೆ ಜುಲೈ ಇಪ್ಪತ್ತೊಂದಕ್ಕೆ ಕಂಪನಿಯ ಪೋಸ್ಟ್ ಬಾಕ್ಸಿಗೆ ಕಾಗದ ಬಂತು. ಜನವರಿಯ ಸೀಟಿಗೆ ಇಬ್ಬರು ಹುಡುಗಿಯರನ್ನು ಆರಿಸಿದ್ದೇವೆ, ಅದರಲ್ಲಿ ನಿಮ್ಮ ಮಗಳೊಬ್ಬಳು. ತಂದೆಯ ಸಹಿ ಹಾಕಿದ ಫಾರಂ ಆಗಸ್ಟ್ ಕೊನೆಯೊಳಗೆ ನಮಗೆ ಮುಟ್ಟಬೇಕು, ಆಮೇಲೆ ಒಬ್ಬಳ ಹೆಸರು ಹೇಳುತ್ತೇವೆ. ಮನೆಯಲ್ಲಿ ಹಬ್ಬ. ಅಶ್ಮಿತಾ ಫಾರಂ ತುಂಬಿಸಿ, ಸಹಿಗೆಂದು ಅಪ್ಪನ ಕೈಗೆ ಕೊಟ್ಟಳು.

ಇಲ್ಲಿ ನೋಡಿ ಇವನ ತಲೆ! ಎಸೆತ ಎಸೆತಕ್ಕೂ ಲೆಕ್ಕ ಇಡುತ್ತಿದ್ದ ಮನುಷ್ಯ ಪೆನ್ನು ಕೆಳಗಿಟ್ಟು ಕ್ಯಾಲೆಂಡರ್ ನೋಡಿದ. ಆಟಿ ತಿಂಗಳು. ತುಳುನಾಡಿನವರು ಆಟಿಯಲ್ಲಿ ಮದುವೆ ಮಾತು ಎತ್ತುವುದಿಲ್ಲ, ಹೊಸ ಮನೆ ಹೊಗುವುದಿಲ್ಲ, ಯಾವ ಶುಭಕಾರ್ಯಕ್ಕೂ ಕೈ ಹಾಕುವುದಿಲ್ಲ. ಇವನೇ ಹಿಂದೊಮ್ಮೆ ಆಟಿಯಲ್ಲಿ ಕುವೈತಿಗೆ ಹೊರಟು, ಬೊಂಬಾಯಿಯಲ್ಲಿ ವೀಸಾ ರದ್ದಾಗಿ, ಎರಡು ತಿಂಗಳು ಕ್ಯಾಂಟೀನಿನಲ್ಲಿ ಲೋಟ ತೊಳೆದಿದ್ದ. ಆಗಸ್ಟ್ ಹದಿನೇಳಕ್ಕೆ ಆಟಿ ಮುಗಿದು ಸೋಣ ಹುಟ್ಟುತ್ತದೆ. ಅಂದು ಶುಕ್ರವಾರ, ಅಂಚೆಗೆ ರಜೆ. ಹದಿನೆಂಟರ ಬೆಳಿಗ್ಗೆ ಪೋಸ್ಟ್ ಮಾಡಿದರೆ ಹತ್ತು ದಿನದಲ್ಲಿ ಮುಟ್ಟುತ್ತದೆ, ಧಾರಾಳ ಸಾಕು. ಹಾಗೆಂದು ಅವನು ಸಹಿ ಹಾಕಿದ, ತಾರೀಖಿನ ಜಾಗ ಖಾಲಿ ಬಿಟ್ಟ, ಲಕೋಟೆಗೆ ಸ್ಟಾಂಪು ಅಂಟಿಸಿದ, ಗೋದಾಮಿನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ.

ಹೇಳಿದರೆ ಮಗಳು ನಗುತ್ತಾಳೆ, ಹೆಂಡತಿ ಬೈಯುತ್ತಾಳೆ.

"ಪೋಸ್ಟ್ ಆಯ್ತಾ ಪಪ್ಪಾ?"

"ಆಯ್ತು ಮಗಾ, ಆವತ್ತೇ ಆಯ್ತು."

ಆಗಸ್ಟ್ ಎರಡರ ಬೆಳಿಗ್ಗೆ ಕಿಟಕಿ ತೆರೆದರೆ ಬೀದಿಯಲ್ಲಿ ಇರಾಕಿನ ಟ್ಯಾಂಕುಗಳು. ಅಂಚೆ, ಫೋನು, ಕೆಲಸ, ಎಲ್ಲ ಖಲಾಸ್. ಜನ ಅಕ್ಕಿಗೆ, ನೀರಿಗೆ ಅಲೆಯುತ್ತಿದ್ದರೆ ರೋಹಿದಾಸನಿಗೆ ಡ್ರಾಯರಿನದೇ ಧ್ಯಾನ. ಐದನೇ ದಿನ ಯಾರಿಗೂ ಹೇಳದೆ ಗೋದಾಮಿನ ಕಡೆ ನಡೆದ. ರಸ್ತೆಗೆ ಅಡ್ಡ ನಿಂತ ಸೈನಿಕ ಎದೆಗೆ ಬಂದೂಕು ಒತ್ತಿ ಹಿಂದೆ ಕಳಿಸಿದ. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ. ನಲ್ಲಿಯಲ್ಲೂ ನೀರು ಸರಿಯಾಗಿ ಬರುತ್ತಿರಲಿಲ್ಲ.

ಸೋಣ ಹುಟ್ಟಿದ ದಿನ ಅವನು ಬ್ರೆಡ್ಡಿನ ಸಾಲಿನಲ್ಲಿದ್ದ.

ಸೆಪ್ಟೆಂಬರಿನಲ್ಲಿ ಬಸ್ಸು ಹಿಡಿದು, ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನಿನ ಗಡಿಯ ಮರಳಿನಲ್ಲಿ ಹನ್ನೊಂದು ದಿನ ಡೇರೆಯಲ್ಲಿ ಬಿದ್ದುಕೊಂಡರು. ಅಶ್ಮಿತಾ ಬಟ್ಟೆಗಂಟಿನಲ್ಲಿ ಒಂದು ಚೆಂಡು ತಂದಿದ್ದಳು. ಕೂತಲ್ಲೇ ಅದನ್ನು ಕೈಯಿಂದ ಕೈಗೆ ಹಾಕಿಕೊಳ್ಳುತ್ತ, "ಫಾರಂ ಮೊದಲೇ ಹೋದದ್ದು ಲಕ್ಕಿ ಅಲ್ವಾ ಪಪ್ಪಾ?" ಎಂದಳು. ರೋಹಿದಾಸ ನೀರು ತರುತ್ತೇನೆಂದು ಎದ್ದು ಹೋದ.

ಊರು ಸೇರಿದ ಮರುದಿನವೇ ಮೂಲ್ಕಿಯ ಅಂಚೆಕಚೇರಿಯಿಂದ ಕಾಲೇಜಿಗೆ ಬರೆದ. ಡಿಸೆಂಬರಿನಲ್ಲಿ ಅವನ ಹೆಸರಿಗೆ ಉತ್ತರ ಬಂತು. ನಿಮ್ಮ ಕಷ್ಟ ಕೇಳಿ ಬೇಸರವಾಯಿತು, ಫಾರಂ ಗಡುವಿನೊಳಗೆ ಬರಲಿಲ್ಲವಾದ್ದರಿಂದ ಸೀಟು ಇನ್ನೊಬ್ಬಳಿಗೆ ಕೊಟ್ಟಿದ್ದೇವೆ, ಮುಂದಿನ ವರ್ಷ ಜಾಗವಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತು ಓದಿ, ಚೂರು ಚೂರು ಮಾಡಿ ಒಲೆಗೆ ಹಾಕಿದ.

"ಬೇಡವಂತೆ ಮಗಾ," ಎಂದ.

ಅಶ್ಮಿತಾ ಅಳಲಿಲ್ಲ. ಸ್ವಲ್ಪ ಹೊತ್ತು ಬಲಗೈ ಬೆರಳುಗಳನ್ನು ನೋಡಿಕೊಂಡಳು. "ಆ ಲಾಸ್ಟ್ ಇನ್ನಿಂಗ್ಸ್. ನೀವು ಕಾರಲ್ಲಿ ಹೇಳಿದ್ದೇ ಸರಿ ಪಪ್ಪಾ, ಮಾನ ತೆಗೆದೆ."

ಆಗಲಾದರೂ ಬಾಯಿ ಬಿಡಬಾರದಿತ್ತೇ ಈ ಮನುಷ್ಯ! ಬೇಲಿಯ ಆಚೆ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದವನು ಅವತ್ತು ಬಗ್ಗಿ ಒಲೆಯ ಬೂದಿ ಕೆದಕಿದ. ಅವನ ಮೌನವನ್ನು ಹುಡುಗಿ ಹೌದೆಂದೇ ತಿಳಿದಳು. ಚೆಂಡನ್ನು ಅಟ್ಟಕ್ಕೆ ಹಾಕಿದಳು. ಮಂಗಳೂರಿನ ಕಾಲೇಜಿನವರು ಸಾಫ್ಟ್‌ಬಾಲ್ ತಂಡಕ್ಕೆ ಬಾ ಎಂದು ಎರಡು ಸಲ ಕರೆದರೂ, ತನಗೆ ಆಡಲು ಬರುವುದಿಲ್ಲ ಎಂದುಬಿಟ್ಟಳಂತೆ.

ಯುದ್ಧ ಮುಗಿದ ಮೇಲೆ, ತೊಂಬತ್ತೊಂದರ ನವೆಂಬರಿನಲ್ಲಿ, ವೀಸಾ ಕೊಟ್ಟ ಯಜಮಾನ ಕಫೀಲ್ ರೋಹಿದಾಸನೊಬ್ಬನನ್ನೇ ಮತ್ತೆ ಕುವೈತಿಗೆ ಕರೆಸಿಕೊಂಡ. ಇರಾಕಿನವರು ಬೆಂಕಿಯಿಟ್ಟು ಹೋದ ಎಣ್ಣೆಬಾವಿಗಳ ಹೊಗೆಗೆ ಊರೆಲ್ಲ ಮಸಿ ಹಿಡಿದಿತ್ತು. ಕಂಪನಿಯ ಗುಮಾಸ್ತ ಉಮ್ಮರ್ ಕುಂಞಿ ಶಟರ್ ಎತ್ತಿ, "ಎಂತದೂ ಉಳಿದಿಲ್ಲ ರೋಹಿದಾಸಣ್ಣ," ಎಂದ. ನಿಜ. ಬ್ಯಾಟಿಲ್ಲ, ಚೆಂಡಿಲ್ಲ, ಕಪಾಟುಗಳೂ ಇಲ್ಲ, ಬಲ್ಬು ಸಹ ಬಿಚ್ಚಿ ಒಯ್ದಿದ್ದರು. ಮೂಲೆಯಲ್ಲಿ ಉಕ್ಕಿನ ಮೇಜೊಂದು ಮಗುಚಿ ಬಿದ್ದಿತ್ತು. ಡ್ರಾಯರಿನ ಬೀಗ ಹಾಗೇ ಇತ್ತು. ಅದರ ಚಾವಿ ಮರಳುಗಾಡು ದಾಟಿ ಮೂಲ್ಕಿಗೆ ಹೋಗಿ ಬಂದು, ಈಗಲೂ ಅವನ ಗೊಂಚಲಿನಲ್ಲೇ ಇತ್ತು.

ಸುಟ್ಟುಹೋಗಿರಬಾರದೇ ದೇವರೇ, ಕದ್ದುಕೊಂಡು ಹೋಗಿರಬಾರದೇ ಎಂದುಕೊಳ್ಳುತ್ತಲೇ ತೆರೆದ. ಲಕೋಟೆ ಇತ್ತು. ಒಂದು ಕಲೆಯಿಲ್ಲ. ಸ್ಟಾಂಪು ಬಿಟ್ಟಿರಲಿಲ್ಲ.

ಊರಿನ ಮನೆಯ ಪಕ್ಕದ ಡೆನಿಸನ ಅಂಗಡಿಯಲ್ಲಿ ಫೋನಿತ್ತು. ಶುಕ್ರವಾರ ಹತ್ತಕ್ಕೆ ತಾಯಿ ಮಗಳು ಅಲ್ಲಿ ಬಂದು ಕಾಯುವ ವಾಡಿಕೆ. ಆ ಶುಕ್ರವಾರ ಉಮ್ಮರ್ ಕುಂಞಿಯ ಮನೆಯಿಂದ ರೋಹಿದಾಸ ಫೋನ್ ಮಾಡಿದ. ಕೈಯಲ್ಲಿ ಲಕೋಟೆಯಿತ್ತು.

"ನಿಮ್ಮ ದನಿ ಎಂತ ಹೀಗುಂಟು? ಜ್ವರವಾ?" ಎಂದಳು ಅಶ್ಮಿತಾ.

"ಮಗಾ, ನಾನು ಫಾರಂ ಪೋಸ್ಟ್ ಮಾಡ್ಲೇ ಇಲ್ಲ. ಆಟಿ ಕಳೀಲಿ ಅಂತ ಡ್ರಾಯರಿನಲ್ಲಿ ಇಟ್ಟೆ. ಈಗ ಸಿಕ್ತು."

ಆ ಕಡೆ ಡೆನಿಸ್ ಯಾರಿಗೋ ಸಕ್ಕರೆ ತೂಗುತ್ತ ಮಾತಾಡುವುದು ಮಾತ್ರ ಕೇಳುತ್ತಿತ್ತು.

"ಹಾಗಾದ್ರೆ ಅವರು ನನ್ನನ್ನು ಬೇಡ ಅಂದದ್ದಲ್ಲವಾ?"

"ಅಲ್ಲ ಮಗಾ."

"ಒಂದು ವರ್ಷ ಆಯ್ತು ಪಪ್ಪಾ. ನಾನು ದಿನಾ ರಾತ್ರಿ ಆ ಮೂರು ಜನರಿಗೆ ಮತ್ತೆ ಚೆಂಡು ಹಾಕ್ತಿದ್ದೆ." ಅವಳ ದನಿ ಏರಲಿಲ್ಲ. "ನಿಮಗೆ ಗೊತ್ತಿತ್ತು."

"ನಂದು ತಪ್ಪಾಯ್ತು ಮಗಾ..."

ರಿಸೀವರ್ ಮರದ ಮೇಲೆ ಇಟ್ಟ ಸದ್ದು. ಎಷ್ಟೋ ಹೊತ್ತಿನ ಮೇಲೆ ರತ್ನಾವತಿ ಎತ್ತಿಕೊಂಡಳು.

"ಎಂತ ಹೇಳಿದ್ರಿ ನೀವು ಮಗುವಿಗೆ? ಚಪ್ಪಲಿ ಸಹ ಹಾಕದೆ ಮನೆಗೆ ಓಡಿದ್ಳು."

ರೋಹಿದಾಸ ಹೇಳಿದ. ರತ್ನಾವತಿ ಪೂರ್ತಿ ಕೇಳಿದಳು. ಆಮೇಲೆ ಅವಳೂ ಫೋನ್ ಇಟ್ಟಳು. ಮುಂದಿನ ಶುಕ್ರವಾರ ಹತ್ತಕ್ಕೆ ಮಾಡಿದಾಗ ಡೆನಿಸನೇ ಎತ್ತಿಕೊಂಡು, ಇವತ್ತು ಯಾರೂ ಬರಲಿಲ್ಲ ಸುವರ್ಣರೇ ಎಂದ.