ಮುದ್ದನೂರು ದಾಟಿದ ಮೇಲಿನ ಕಂಬ

ಏಳು ತಿಂಗಳ ರಜೆ ಮುಗಿಸಿ ಓಬುಳೇಶು ಗುಂತಕಲ್ಲಿನ ಡ್ರೈವರುಗಳ ಹಾಜರಿ ಕೋಣೆಗೆ ಕಾಲಿಟ್ಟಾಗ ಬೆಳಗಿನ ಆರು ಗಂಟೆ. ಗೂಡ್ಸ್ ಗಾಡಿ ಓಡಿಸುವವನು, ವಯಸ್ಸು ಐವತ್ತನಾಲ್ಕು. ಹೆಂಡತಿ ತಿರುಪಾಲಮ್ಮನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದ ದಿನದಿಂದ ಅವಳನ್ನು ತೊಳೆದು, ಉಣ್ಣಿಸಿ, ಮಗ್ಗುಲು ಬದಲಿಸುತ್ತಾ ಮನೆಯಲ್ಲೇ ಇದ್ದ. ಮಕ್ಕಳಿಲ್ಲ. ಈಗ ಅವಳ ಅಕ್ಕ ತಾಡಿಪತ್ರಿಯಿಂದ ಬಂದಿದ್ದಳು. "ಹೋಗಪ್ಪಾ ಕೆಲಸಕ್ಕೆ. ನಿನ್ನ ಈ ಸುಟ್ಟ ಬದನೆಕಾಯಿ ಮುಖ ನೋಡೀ ನೋಡೀ ಅವಳಿಗೆ ಇನ್ನೊಂದು ರೋಗ ಬಂದೀತು" ಎಂದು ಅವನನ್ನು ಅಟ್ಟಿದವಳು ಆಕೆಯೇ.

ಹೊರಡಲು ಅವನಿಗೂ ಆಸೆಯಿತ್ತು. ಔಷಧದ ವಾಸನೆಯಿಲ್ಲದ ಜಾಗವೆಂದರೆ ಅವನಿಗೆ ಇಂಜಿನ್ನಿನ ಕೋಣೆ ಒಂದೇ. ಹಾಗೆ ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಸುಸ್ತಾದವನಿಗೆ ಆಸೆಯೂ ಒಂದು ಹೊರೆ.

ಆದರೆ ಬಂದ ಕೂಡಲೇ ಗಾಡಿ ಕೊಡುವುದಿಲ್ಲ. ಅಷ್ಟು ತಿಂಗಳು ದೂರವಿದ್ದವನು ಆ ದಾರಿಯನ್ನು ಮತ್ತೆ ಕಲಿಯಬೇಕು. ಬೇರೆಯವರು ಓಡಿಸುವ ಇಂಜಿನ್ನಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ರೇಣಿಗುಂಟದವರೆಗೆ ಹೋಗಿ ಬಂದು, "ಈ ದಾರಿ ನನಗೆ ಗೊತ್ತು" ಎಂದು ರುಜು ಹಾಕಬೇಕು. ರುಜು ಬಿದ್ದರೆ ಮಾರನೆಯ ದಿನವೇ ಗಾಡಿ ಕೈಗೆ. ಗೊತ್ತಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವವನು ಕಲಿತವನೇ.

"ಇಪ್ಪತ್ತೆರಡು ವರ್ಷ ಓಡಿಸಿದ ದಾರಿ. ಕಣ್ಣು ಮುಚ್ಕೊಂಡು ಓಡಿಸ್ತೀಯ, ನಿನಗೇನು ಪಾಠ" ಎಂದು ಗುಮಾಸ್ತ ಬಾಲನಾಗಿರೆಡ್ಡಿ ನಕ್ಕ. ರಜೆಯಲ್ಲಿದ್ದಾಗ ಆದ ಬದಲಾವಣೆಗಳ ಕಾಗದಗಳನ್ನೆಲ್ಲ ಮುಂದಿಟ್ಟ. ಓಬುಳೇಶು ಒಂದೊಂದನ್ನೂ ಓದಿ ರುಜು ಹಾಕಿದ. ಮುದ್ದನೂರು ದಾಟಿದ ಮೇಲೆ ಹುಣಸೆಮರದ ಹತ್ತಿರವಿದ್ದ ಸಿಗ್ನಲ್ ಕಂಬವನ್ನು ಕಿತ್ತು, ತಿರುವಿನಾಚೆ ಹೊಸದು ನೆಟ್ಟ ವಿಷಯವೂ ಅದರಲ್ಲಿತ್ತು.

ಗಾಡಿ ಓಡಿಸುವವನು ಮಸ್ತಾನ್ ವಲಿ. ಹತ್ತು ವರ್ಷದ ಹಿಂದೆ ಓಬುಳೇಶುವಿನ ಪಕ್ಕದಲ್ಲಿ ಸಹಾಯಕನಾಗಿ ಕೂತು ಕೆಲಸ ಕಲಿತವನು. ಈಗ ಅವನ ಪಕ್ಕದಲ್ಲಿ ಸಹಾಯಕಿ ಪ್ರಮೀಳಾ, ಹಿಂದೆ ಗುರು.

"ಹೆಂಗಿದ್ದಾರೆ ಮಾವಾ, ಅತ್ತೆ?" ಎಂದು ಮಸ್ತಾನ್ ಹಳೆಯ ಸಲಿಗೆಯಲ್ಲಿ ಕೇಳಿದ.

"ಪರವಾಗಿಲ್ಲ. ಸುಧಾರಿಸ್ತಿದ್ದಾಳೆ."

ಯಾರು ಕೇಳಿದರೂ ಓಬುಳೇಶು ಹೇಳುತ್ತಿದ್ದದ್ದು ಅದನ್ನೇ. ಮಸ್ತಾನ್ ಮಂಡಕ್ಕಿ ಉಗ್ಗಾಣಿಯ ಪೊಟ್ಟಣ ಬಿಚ್ಚಿ ಮೆಣಸಿನಕಾಯಿ ಬಜ್ಜಿಯನ್ನು ಅವನ ಕಡೆ ಸರಿಸಿದ. ಹೋಗುವಾಗ ಏನೂ ತೊಂದರೆಯಾಗಲಿಲ್ಲ. ರೇಣಿಗುಂಟದ ವಿಶ್ರಾಂತಿ ಕೋಣೆಯಲ್ಲಿ ಮಾತ್ರ ಅವನಿಗೆ ಎರಡು ಗಂಟೆಗೊಮ್ಮೆ ಎಚ್ಚರವಾಯಿತು. ಮಗ್ಗುಲು ಬದಲಿಸಲು ಯಾರೂ ಇಲ್ಲವೆಂದು ನೆನಪಾಗಲು ಪ್ರತಿಸಲವೂ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಹಿಂದಿರುಗುವಾಗ ಬಿಸಿಲು ಚೆನ್ನಾಗಿತ್ತು. ಸಿಗ್ನಲ್ ಕಂಡೊಡನೆ ಅದರ ಬಣ್ಣವನ್ನು ಒಬ್ಬರು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬರು ನೋಡಿ ತಿರುಗಿ ಕೂಗಬೇಕು. "ಹಸಿರು" ಎನ್ನುತ್ತಾಳೆ ಪ್ರಮೀಳಾ, "ಹಸಿರು" ಎನ್ನುತ್ತಾನೆ ಮಸ್ತಾನ್. ಹಿಂದೆ ಕೂತ ಓಬುಳೇಶುವೂ ದನಿಗೂಡಿಸುತ್ತಿದ್ದ. ಎರ್ರಗುಂಟ್ಲ ಕಳೆಯಿತು, ಮುದ್ದನೂರೂ ಕಳೆಯಿತು. ಹುಣಸೆಮರ ಕಂಡಿತು.

"ಹಸಿರು" ಎಂದ ಓಬುಳೇಶು.

ಪ್ರಮೀಳಾ ತಿರುಗಿ ನೋಡಿದಳು. ಮರದ ಪಕ್ಕ ಕಂಬವೇ ಇರಲಿಲ್ಲ, ಕಿತ್ತ ಜಾಗದಲ್ಲಿ ಹೊಸ ಮಣ್ಣು ಮಾತ್ರ ಇತ್ತು. ಗಾಡಿ ತಿರುವಿಗೆ ಬಂತು. ಆಚೆ ಹೊಸ ಕಂಬ.

"ಹಳದಿ" ಎಂದಳು ಅವಳು, ಮೆಲ್ಲಗೆ.

"ಹಳದಿ" ಎಂದು ಮಸ್ತಾನ್ ಬ್ರೇಕಿನ ಮೇಲೆ ಕೈಯಿಟ್ಟ. ಗಾಡಿ ನಿಧಾನವಾಯಿತು. ಅಷ್ಟೇ ಆದದ್ದು. ಆದರೆ ಓಬುಳೇಶು ಮೂರು ಸಾವಿರ ಟನ್ನು ಕಲ್ಲಿದ್ದಲನ್ನು ಹಿಂದಿಟ್ಟುಕೊಂಡು, ಇಲ್ಲದ ಕಂಬದಲ್ಲಿ ಹಸಿರು ಕಂಡಿದ್ದ. ಕಂಡದ್ದೂ ಅಲ್ಲ, ಬಾಯಿ ತಾನಾಗಿ ಅಂದುಬಿಟ್ಟಿತ್ತು.

ಮಸ್ತಾನ್ ಮುಂದಿನ ಹಳಿಯ ಮೇಲೆ ಕಣ್ಣಿಟ್ಟೇ ಹೇಳಿದ. "ಕಂಬ ರೈಲ್ವೆಯವರು ಕಿತ್ತರು ಮಾವಾ. ನಿನ್ನ ಬಾಯಿಂದ ಕೀಳೋಕೆ ಅವರ ಹತ್ರ ಮಿಷನ್ನಿಲ್ಲ."

ಗುಂತಕಲ್ಲಿನಲ್ಲಿ ಇಳಿದಾಗ ಅವನು ಓಬುಳೇಶುವಿನ ಚೀಲ ತಾನೇ ಹಿಡಿದುಕೊಂಡು, "ಆಗುತ್ತೆ ಬಿಡು. ನಾವಿಬ್ಬರೂ ಬಾಯಿ ಬಿಡಲ್ಲ. ಹೋಗಿ ರುಜು ಹಾಕು" ಎಂದ.

ಬಾಲನಾಗಿರೆಡ್ಡಿ ಪುಸ್ತಕ ತಿರುಗಿಸಿ ಪೆನ್ನು ಕೊಟ್ಟ. ರುಜು ಹಾಕಿದರೆ ನಾಳೆಯಿಂದ ತನ್ನ ಸೀಟು, ತನ್ನ ಗಾಡಿ. ಹಾಕದಿದ್ದರೆ ಮತ್ತೆ ಶಿಷ್ಯನ ಬೆನ್ನು ನೋಡುತ್ತಾ ಕೂರಬೇಕು, ಊರೆಲ್ಲ ಸುದ್ದಿಯಾಗುತ್ತದೆ. ಓಬುಳೇಶು ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ಸಿಟ್ಟ.

"ಇನ್ನೊಂದು ಸಲ ಹೋಗಿ ಬರ್ತೀನಿ."

"ಯಾಕಯ್ಯಾ, ದಾರಿ ಮರೆತೆಯಾ?"

"ಮರೆತಿಲ್ಲ. ಅದೇ ಕಷ್ಟ."

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಕ್ಕ ಕೈಕಾಲು ತೊಳೆಯಲು ನೀರು ಕೊಟ್ಟು ಅಡುಗೆಗೆ ಹೋದಳು. ತಿರುಪಾಲಮ್ಮ ಕಾದಿದ್ದಳು. ಸಂಜೆಗೊಮ್ಮೆ ಎಡಗೈಯ ಬೆರಳು ಎತ್ತಲು ನೋಡಬೇಕೆಂದು ಡಾಕ್ಟರು ಹೇಳಿದ್ದರು. ಆ ಕೈಯಲ್ಲಿ ಅವಳಿಗೆ ಸ್ಪರ್ಶಜ್ಞಾನವಿಲ್ಲ, ಆ ಬದಿ ಅವಳ ನೋಟಕ್ಕೂ ಬೀಳುವುದಿಲ್ಲ. ಅವಳು ಎತ್ತಲು ನೋಡುವುದು, "ಎದ್ದಿತಾ?" ಎಂದು ಕೇಳುವುದು, ಅವನು "ಎದ್ದಿತು" ಎನ್ನುವುದು, ಇದು ದಿನವೂ ನಡೆದುಬಂದಿತ್ತು. ಮೊದಮೊದಲು ಅವಳ ಸಮಾಧಾನಕ್ಕೆ ಅಂದದ್ದು. ಆಮೇಲೆ ಬಟ್ಟೆ ಮಡಚುತ್ತಾ, ಗಂಜಿ ಆರಿಸುತ್ತಾ ಅಂದದ್ದು.

ಇವತ್ತು ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಹಾಸಿಗೆಯ ಎಡಕ್ಕೆ ನೆಲದ ಮೇಲೆ ಕೂತು, ಆ ಕೈಯ ಹತ್ತಿರ ಮುಖ ತಂದ.

"ಎತ್ತು, ಪಾಲಮ್ಮಾ."

ಅವಳ ಹಣೆ ಬೆವರಿತು. ಅವನು ಐದು ಬೆರಳನ್ನೂ ನೋಡಿದ, ಉಸಿರು ಬಿಗಿಹಿಡಿದು ಬಹಳ ಹೊತ್ತು ನೋಡಿದ.

"ಎದ್ದಿತಾ?"

"ಇಲ್ಲ" ಎಂದ. "ಏಳಲಿಲ್ಲ. ಒಂದು ದಿನವೂ ಎದ್ದಿಲ್ಲ."

ತಿರುಪಾಲಮ್ಮ ಸೂರು ನೋಡುತ್ತಾ ಮಲಗಿದ್ದಳು. ಸೊಟ್ಟಗಾದ ಬಾಯಿಂದ ಒಂದೊಂದೇ ಮಾತನ್ನು ಹೊರಡಿಸಿದಳು.

"ಗೊತ್ತಿತ್ತು. ನಾನು ಎತ್ತೋಕೆ ಮುಂಚೇನೇ ಎದ್ದಿತು ಅಂತಿದ್ದೆ ನೀನು."