ಖಾಲಿ ಇನ್‌ಪುಟ್‌ಗೂ ಕಾವಲು

ನನ್ನ ಗಂಡ ಅರಸೀಕೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರಾಗಿದ್ದರು. ಅವರು ತೀರಿಹೋಗಿ ಎರಡು ಮಳೆಗಾಲ ಕಳೆದಿವೆ. ಅವರು ಕೈಯಾರೆ ಮಾಡಿದ್ದರಲ್ಲಿ ಇನ್ನೂ ಕೆಲಸ ಮಾಡುತ್ತಿರುವುದು ಒಂದೇ ಪೆಟ್ಟಿಗೆ, ಬಿಕ್ಕೋಡಿನ ಹತ್ತಿರದ ಕಾಫಿ ತೋಟವೊಂದರಲ್ಲಿ. ಮಣ್ಣಿನಲ್ಲಿ ಹೂತ ಸೆನ್ಸರ್‌ನಿಂದ ಬರುವ ವೋಲ್ಟೇಜನ್ನು ಅಳೆದು, ನೆಲ ಎಷ್ಟು ಒದ್ದೆಯಿದೆ ಎಂದು ಅದು ಗಂಟೆಗೊಮ್ಮೆ ಫೋನಿಗೆ ಕಳಿಸುತ್ತದೆ. ತೋಟ ನನ್ನದಲ್ಲ, ಒದ್ದೆಯಾದರೆ ನನಗೇನು, ಒಣಗಿದರೆ ನನಗೇನು. ಆದರೂ ಬೆಳಿಗ್ಗೆ ಕಾಫಿಗೆ ಮೊದಲು ಅದನ್ನೇ ನೋಡುತ್ತೇನೆ.

ಹೋದ ತಿಂಗಳು, ಫೋನಿನಲ್ಲಿ ಒದ್ದೆ ಎಷ್ಟೆಂದು ತೋರಿಸುವ ಗೆರೆ ತುತ್ತತುದಿಗೆ ಏರಿ ಅಲ್ಲೇ ನಿಂತುಬಿಟ್ಟಿತು. ತೋಟದ ಯಜಮಾನರು ಫೋನ್ ಮಾಡಿ, "ಬೇಜಾರ್ ಮಾಡ್ಕೋಬೇಡಿ, ಹಳೇದಾಯ್ತು. ಕಿತ್ತು ಹೊಸದು ಹಾಕಿಸ್ತೀನಿ" ಎಂದರು.

"ಒಂದು ಸಲ ನಾನು ನೋಡ್ತೀನಿ, ಆಮೇಲೆ ಕೀಳಿ" ಎಂದೆ. ಗಂಡನ ಪಕ್ಕದಲ್ಲೇ ಕೂತು ಬೆಸುಗೆ ಕಲಿತವಳು ನಾನು, ಅಷ್ಟು ಹಕ್ಕಾದರೂ ಇದೆ.

ಹಳೇಬೀಡು, ಬೇಲೂರು ದಾಟಿ ಬಸ್ಸಿನಲ್ಲಿ ಹೋದೆ. ತೋಟದ ಕೆಲಸದಾಕೆ ಬೇಲಿಯವರೆಗೆ ಕರೆದುಕೊಂಡು ಹೋದಳು. "ವೈರು ಕಾಲಿಗೆ ತೊಡರ್ತಿತ್ತು ಕಣ್ರಮ್ಮ, ಬೇಲಿ ಕಂಬಕ್ಕೆ ಕಟ್ಟಿದ್ದೆ. ಆನೆ ಬಂದು ಕಂಬಾನೇ ಮಲಗಿಸೈತೆ" ಎಂದಳು. ಅದು ಆನೆ ತಡೆಯಲು ಹಾಕಿದ ಕರೆಂಟಿನ ಬೇಲಿ. ಆನೆಗೆಂದು ಇಟ್ಟ ಏಟು ನಮ್ಮ ಸಣ್ಣ ವೈರಿನೊಳಕ್ಕೆ ನುಗ್ಗಿತ್ತು.

ಪೆಟ್ಟಿಗೆ ಬಿಚ್ಚಿದೆ. ವೈರು ಒಳಬರುವಲ್ಲಿದ್ದ ರೆಸಿಸ್ಟರ್, ಡಯೋಡ್ ಕರಕಲಾಗಿದ್ದವು. ಮಿತಿಮೀರಿದ ವೋಲ್ಟೇಜ್ ಬಂದರೆ ತಾವೇ ತಡೆದುಕೊಂಡು ಚಿಪ್ ಉಳಿಸಲೆಂದು ಇಟ್ಟವು ಅವು. ಚಿಪ್ ಉಳಿದಿತ್ತು. ಆಪತ್ತಿಗಾದವನೇ ನೆಂಟ ಅನ್ನುವುದು ಸುಮ್ಮನಲ್ಲ.

ಸುಟ್ಟದ್ದನ್ನು ಬದಲಿಸಲು ಅವರು ಹಾಕಿದ್ದ ಬೆಸುಗೆಯನ್ನು ಕರಗಿಸಬೇಕಿತ್ತು. ಸಾಮಾನು ಚೀಲದಲ್ಲೇ ಇತ್ತು, ಕೈ ಬರಲಿಲ್ಲ.

ಆಗ ವೈರು ಸಿಕ್ಕಿಸುವ ಪಕ್ಕದ ಇನ್‌ಪುಟ್‌ಗಳು ಕಂಡವು. ಯಾವ ವೈರೂ ಇಲ್ಲದ ಅವಕ್ಕೂ ಅದೇ ರೆಸಿಸ್ಟರ್, ಅದೇ ಡಯೋಡ್. ಮುದ್ದೆ ಆರುತ್ತಿದ್ದರೂ ಅವರು ಅದನ್ನೆಲ್ಲ ಬೆಸೆಯುತ್ತ ಕೂತಿದ್ದಾಗ, "ಖಾಲಿ ಮನೆಗೆ ಬೀಗ ಯಾಕ್ರೀ?" ಎಂದು ರೇಗಿಸಿದ್ದೆ.

"ಇವತ್ತು ಖಾಲಿ ಕಣೇ. ನಾಳೆ ಯಾರಾದ್ರೂ ಬರ್ಬಹುದು" ಎಂದಿದ್ದರು, ತಲೆ ಎತ್ತದೆ.

ಬಂದವಳು ನಾನೇ. ಸುಟ್ಟ ಸೆನ್ಸರ್ ಕಿತ್ತು, ಚೀಲದಲ್ಲಿದ್ದ ಹೊಸದನ್ನು ಹೂತು, ವೈರನ್ನು ಬೇಲಿಯಿಂದ ದೂರಕ್ಕೆ ಎಳೆದು, ಪಕ್ಕದ ಇನ್‌ಪುಟ್‌ಗೆ ಕೊಟ್ಟೆ. ಖಾಲಿ ಇನ್‌ಪುಟ್‌ಗೂ ಕಾವಲಿಟ್ಟ ಮನುಷ್ಯ, ತನ್ನ ಎದೆನೋವನ್ನು ಮಾತ್ರ ಗ್ಯಾಸ್ಟ್ರಿಕ್ ಎಂದು ಜೀರಿಗೆ ನೀರು ಕುಡಿದು ಮಲಗಿದ್ದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ವಾಪಸು ಬರುವಾಗ ಬಸ್ಸು ಹಳೇಬೀಡಿನ ಕೆರೆ ದಾಟುತ್ತಿತ್ತು, ಫೋನು ಅಲುಗಿತು. ಗೆರೆ ಕೆಳಗಿಳಿದು ತನ್ನ ಜಾಗಕ್ಕೆ ಬಂದಿತ್ತು. ಬಿಕ್ಕೋಡಿನಲ್ಲಿ ಮಣ್ಣು ಒದ್ದೆಯಿದೆಯಂತೆ. ಅವರ ಕಡೆಯಿಂದ ನನಗೆ ಬರುವ ಸುದ್ದಿ ಈಗ ಇದೊಂದೇ.