ಮೇಜಿನ ಕೆಳಗಿನ ಮೂರು ಬೊಟ್ಟು

ಪಾತ್ರಗಳೇ ಬಂದು ಕಥೆ ಬರೆಸುತ್ತವೆ ಎನ್ನುವ ಲೇಖಕರನ್ನು ನಾನು ಬೇಕಾದಷ್ಟು ಗೇಲಿ ಮಾಡಿದ್ದೇನೆ. ಬರೆಯುವವನು ನಾನು, ಬೆನ್ನು ನೋಯುವುದು ನನ್ನದು, ಕೀರ್ತಿ ಮಾತ್ರ ಪಾತ್ರಕ್ಕೇ ಎಂದು ನಗುತ್ತಿದ್ದೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಆ ನಗು ನಿಂತಿತು.

ಆಗ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಕತ್ರಿಗುಪ್ಪೆಯ ಬಾಡಿಗೆ ಮನೆಯಲ್ಲಿ ನಾನೊಬ್ಬನೇ, ನಮಗೆ ಮಕ್ಕಳಿಲ್ಲ. ರಾತ್ರಿ ಹಣೆಯ ಬೊಟ್ಟು ತೆಗೆದು ಕನ್ನಡಿಗೆ ಅಂಟಿಸುವುದು ಅವಳ ಅಭ್ಯಾಸ. ವೈಕುಂಠ ಸಮಾರಾಧನೆಗೆ ಮನೆ ತೊಳೆಯುವ ಭರಾಟೆಯಲ್ಲಿ ನಾನೇ ಎಣ್ಣೆ ಹಚ್ಚಿ ಅಷ್ಟನ್ನೂ ಉಜ್ಜಿ ತೆಗೆದಿದ್ದೆ. ಸಂಜೆ ಬೋಳು ಕನ್ನಡಿ ನೋಡಿದಾಗ ಏನು ಮಾಡಿದೆನೆಂದು ಗೊತ್ತಾಯಿತು. ಒಂದಾದರೂ ಉಳಿದಿರಬಾರದೇ ಎಂದು ಮನೆಯೆಲ್ಲ ಹುಡುಕಿದೆ. ಸಿಗಲಿಲ್ಲ.

ಅವಳ ಸಾವಿನ ಬಗ್ಗೆ ಕಾದಂಬರಿ ಶುರು ಮಾಡಿದೆ. ಗಂಡನ ಬಾಯಲ್ಲಿ ಹೇಳಿಸಿದರೆ ಬರೀ ಭಾಷಣ. ಕೊನೆಗೆ ಏಳು ವರ್ಷದ ಮಗಳೊಬ್ಬಳನ್ನು ಕಲ್ಪಿಸಿಕೊಂಡು ಅವಳಿಂದ ಹೇಳಿಸಿದೆ. ಆ ಮಗುವಿಗೆ ದುಃಖ ಎಂಬ ಪದವೇ ಬೇಕಿರಲಿಲ್ಲ. ಅಮ್ಮನ ಟವೆಲ್ ಯಾಕೆ ಒದ್ದೆಯಾಗುವುದಿಲ್ಲ ಎಂದು ಕೇಳಿತು, ಅಷ್ಟೇ. ಅದನ್ನು ಬರೆದ ದಿನ ನಾನು ಮೊದಲ ಸಲ ಅತ್ತೆ.

ಆ ಮಧ್ಯಾಹ್ನ ಬರೆಯುತ್ತಿದ್ದ ಅಧ್ಯಾಯದಲ್ಲಿ ಮಗು ಊಟದ ಮೇಜಿನ ಕೆಳಗೆ ಅಡಗಿ ಕೂತಿತು. ತಲೆ ಎತ್ತಿದರೆ ಹಲಗೆಯ ಅಡಿಯಲ್ಲಿ ಅಮ್ಮ ಅಂಟಿಸಿದ ಮೂರು ಬೊಟ್ಟು: ಎರಡು ಕೆಂಪು, ಒಂದು ಹಸಿರು. ಕೈಗೆ ಬಂದಂತೆ ಬರೆದುಬಿಟ್ಟೆ. ಆಮೇಲೆ, ಮಗುವಿನ ಎತ್ತರಕ್ಕೆ ಏನೇನು ಕಾಣುತ್ತದೆ ನೋಡಿಯೇ ಬಿಡೋಣ ಎಂದು ನಾನೂ ಮಂಡಿಯೂರಿ ನಮ್ಮ ಮೇಜಿನ ಕೆಳಗೆ ತೂರಿದೆ. ಮದುವೆಯ ಹೊಸದರಲ್ಲಿ ಮಾಡಿಸಿದ ಮೇಜು ಅದು. ಮೂರು ಬೊಟ್ಟಿದ್ದವು. ಎರಡು ಕೆಂಪು, ಒಂದು ಹಸಿರು.

ನನ್ನ ಕಣ್ಣನ್ನೇ ನಂಬದೆ ಕೆಳಮನೆಯ ಓನರ್ ಗೌರಕ್ಕನನ್ನು ಕರೆದೆ. ಅವರು ಬಗ್ಗಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ, "ಯಾವ್ದೋ ಮಗೂದೇ ಕೆಲ್ಸ ಸಾರ್. ದೊಡ್ಡೋರು ಇದ್ರೊಳಗ್ಯಾಕೆ ನುಗ್ತಾರೆ? ಒರೆಸಿಬಿಡ್ಲಾ?" ಎಂದರು.

"ಬೇಡಕ್ಕ! ಇರ್ಲಿ ಬಿಡಿ," ಎಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂತು.

ಹೆಂಡತಿಯೇ ಅಂಟಿಸಿರಬಹುದು, ನಾನು ಎಂದೋ ನೋಡಿ ಮರೆತಿರಬಹುದು. ಆದರೆ ಅವಳು ಹಸಿರು ಬೊಟ್ಟು ಇಟ್ಟಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಯೋಚಿಸಿ ಯೋಚಿಸಿ ಸೋತಿದ್ದೇನೆ. ಕಾದಂಬರಿ ಆ ಪುಟದಲ್ಲೇ ನಿಂತಿದೆ. ಈಗಲೂ ಒಬ್ಬನೇ ಊಟಕ್ಕೆ ಕೂರುತ್ತೇನೆ. ಮೇಜಿನ ಕೆಳಗೆ ಮಾತ್ರ ಕಾಲು ಚಾಚುವುದಿಲ್ಲ.